ತಲೆ ತಗ್ಗಿಸಿ ನಿಂತ ಹೂ: ಹೆಲೆಬೋರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಇರುವುದು ಇಂಗ್ಲೆಂಡಿನಲ್ಲಿ, ಬರ್ಮಿಂಗ್‌ಹ್ಯಾಮ್ ಪಕ್ಕ. ಹಿತ್ತಿಲು ಸಣ್ಣದು, ಮಣ್ಣು ಅಂಟು, ನಡುವೆ ಒಂದು ಹಳೆಯ ಸೇಬಿನ ಮರ. ಆ ಮರದ ಬುಡದಲ್ಲಿ ಈಗ 40 ಚಿಲ್ಲರೆ ಹೆಲೆಬೋರ್ ಗಿಡಗಳಿವೆ. ಫೆಬ್ರವರಿಯಲ್ಲಿ ಊಟಕ್ಕೆ ಬಂದವರು ಅಡುಗೆಮನೆ ಕಿಟಕಿಯಿಂದ ನೋಡಿ, "ಈ ಚಳೀಲಿ ಅದೇನ್ರೀ ಹೂ?" ಅಂತ ಶುರು ಮಾಡುತ್ತಾರೆ. ಸಾರು ಆರಿಹೋದರೂ ಪ್ರಶ್ನೆ ಮುಗಿಯುವುದಿಲ್ಲ. ಅವರೆಲ್ಲ ಕೇಳಿದ್ದು, ನಾನು ಹೇಳಿದ್ದು ಇಲ್ಲಿದೆ.

ಹೆಲೆಬೋರ್ ಅಂದರೆ ಯಾವ ಗಿಡ? ಕ್ರಿಸ್‌ಮಸ್ ರೋಸ್ ಅಂತಾರಲ್ಲ, ಗುಲಾಬಿ ಜಾತಿಯಾ?

ಗುಲಾಬಿಗೂ ಇದಕ್ಕೂ ಸಂಬಂಧವೇ ಇಲ್ಲ. ಇದು ಬಟರ್‌ಕಪ್ ಕುಟುಂಬದ ಗಿಡ. ನಮ್ಮ ಅಡುಗೆಮನೆಯ ಕರಿಜೀರಿಗೆಯೂ ಅದೇ ಕುಟುಂಬ, ಆ ಲೆಕ್ಕದಲ್ಲಿ ದೂರದ ನೆಂಟರು. ಹೆಲೆಬೋರಸ್ ಕುಲದಲ್ಲಿ ಸುಮಾರು 20 ಜಾತಿಗಳಿವೆ. ಹೆಚ್ಚಿನವು ಯುರೋಪಿನವು, ಅದರಲ್ಲೂ ಬಾಲ್ಕನ್ ಬೆಟ್ಟಗಳವು. ಒಂದು ಮಾತ್ರ ಎಲ್ಲರನ್ನೂ ಬಿಟ್ಟು ಚೀನಾದಲ್ಲಿ ಹೋಗಿ ಕೂತಿದೆ. ಕ್ರಿಸ್‌ಮಸ್ ರೋಸ್ ಅಂದರೆ ಹೆಲೆಬೋರಸ್ ನೈಗರ್, ಆಲ್ಪ್ಸ್ ಕಡೆಯದು. ನೈಗರ್ ಅಂದರೆ ಕಪ್ಪು. ಹೂ ಅಚ್ಚ ಬಿಳಿ, ಹೆಸರು ಕಪ್ಪು! ಬೇರು ಕಪ್ಪಗಿರುವುದಕ್ಕೆ ಆ ಹೆಸರು ಬಂದಿದೆ.

ಎರಡು ತಿಂಗಳಾದರೂ ಹೂ ಬಾಡುವುದಿಲ್ಲ ಅಂತೀರಿ. ಅದು ಹೇಗೆ?

ನಾವು ಎಸಳು ಅಂದುಕೊಳ್ಳುವುದು ಎಸಳೇ ಅಲ್ಲ. ಬದನೆಕಾಯಿಯ ತೊಟ್ಟಿನಲ್ಲಿ ಹಸಿರು ಟೋಪಿ ಇರುತ್ತಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ಶಾಲೆಯಲ್ಲಿ ಅದನ್ನು ಪುಷ್ಪಪಾತ್ರೆ ಅಂತ ಓದಿದ್ದೆವು. ಹೂ ಉದುರಿ ಕಾಯಿ ಬಲಿತರೂ ಆ ಟೋಪಿ ಉದುರುವುದಿಲ್ಲ. ಹೆಲೆಬೋರ್‌ನಲ್ಲಿ ಬಣ್ಣ ಬಂದಿರುವುದು ಆ ಟೋಪಿಯ ಐದು ಭಾಗಗಳಿಗೆ. ಊರಿನ ಕಾಗದದ ಹೂವಿನದೂ ಇಂಥದೇ ಮೋಸ, ಅಲ್ಲಿ ಬಣ್ಣದ ಎಲೆಯನ್ನು ನಾವು ಹೂ ಅಂತೀವಿ.

ಹಾಗಾದರೆ ನಿಜವಾದ ಎಸಳು ಎಲ್ಲಿ ಹೋಯಿತು? ಒಂದು ಹೂವನ್ನು ಬೆರಳಿನಿಂದ ಎತ್ತಿ ಒಳಗೆ ನೋಡಿ. ನಡುವೆ ಕೇಸರಗಳ ಗೊಂಚಲು. ಅದರ ಸುತ್ತ ಹಸಿರು ಬಣ್ಣದ ಸಣ್ಣ ಸಣ್ಣ ಕೊಳವೆಗಳು, ಗೊಂಬೆಮನೆಯ ಲೋಟಗಳ ಹಾಗೆ. ಅವೇ ಎಸಳುಗಳು. ಮಕರಂದ ತುಂಬಿಸಿಡುವ ಪಾತ್ರೆಗಳಾಗಿ ಬದಲಾಗಿವೆ. ಪರಾಗಸ್ಪರ್ಶವಾದ ಮೇಲೆ ಈ ಲೋಟಗಳೂ ಕೇಸರಗಳೂ ಉದುರುತ್ತವೆ. ಬಣ್ಣದ ಟೋಪಿ ಮಾತ್ರ ಉಳಿದು, ನಿಧಾನವಾಗಿ ಹಸಿರಾಗಿ, ಎಲೆಯ ಹಾಗೆ ಬಿಸಿಲಿನಿಂದ ಆಹಾರ ಮಾಡಿ ಕಾಯಿಗೆ ಕೊಡುತ್ತದೆ. ಮಾರ್ಚ್ ಕೊನೆಯಲ್ಲಿ "ನಿಮ್ಮ ಗುಲಾಬಿ ಬಣ್ಣದ್ದು ಹಸಿರಾಗಿಬಿಟ್ಟಿದೆ, ರೋಗವಾ?" ಅಂತ ಕೇಳುವವರಿಗೂ ಇದೇ ಉತ್ತರ.

ಫೀಟಿಡಸ್ ಅನ್ನುವ ಜಾತಿಯಲ್ಲಿ ಇನ್ನೊಂದು ವಿಚಿತ್ರವಿದೆ. ಅದರ ಮಕರಂದದಲ್ಲಿ ಯೀಸ್ಟ್ ಬೆಳೆಯುತ್ತದೆ. ದೋಸೆ ಹಿಟ್ಟು ಹುದುಗುವ ಹಾಗೆ ಅಲ್ಲೂ ಸಕ್ಕರೆ ಹುದುಗಿ, ಹೂವಿನ ಒಳಗೆ ಹೊರಗಿಗಿಂತ ಕೆಲವು ಡಿಗ್ರಿ ಬೆಚ್ಚಗಿರುತ್ತದೆ. ಸ್ಪೇನ್‌ನ ಸಂಶೋಧಕರು 2010ರಲ್ಲಿ ಇದನ್ನು ಅಳೆದು ತೋರಿಸಿದರು.

ಯಾವಾಗ ಹೂ ಬಿಡುತ್ತೆ?

ನಮ್ಮ ಹಬ್ಬದ ಲೆಕ್ಕದಲ್ಲಿ ಹೇಳಿದರೆ ಸುಲಭ. ಸಂಕ್ರಾಂತಿ ಹೊತ್ತಿಗೆ ನೈಗರ್. ಶಿವರಾತ್ರಿಗೆ ಲೆಂಟನ್ ರೋಸ್ ಅನ್ನುವ ಬಣ್ಣಬಣ್ಣದ ಹೈಬ್ರಿಡ್‌ಗಳು. ಯುಗಾದಿ ಹೊತ್ತಿಗೆ ಅವು ಹಸಿರಿಗೆ ತಿರುಗುತ್ತಿರುತ್ತವೆ. ಹೆಸರು ಕ್ರಿಸ್‌ಮಸ್ ರೋಸ್ ಆದರೂ ಹಿತ್ತಿಲಿನಲ್ಲಿ ಅದು ಡಿಸೆಂಬರ್ 25ಕ್ಕೆ ಅರಳುವುದು ಅಪರೂಪ. ಅಂಗಡಿಯಲ್ಲಿ ಆ ಹೊತ್ತಿಗೆ ಸಿಗುವುದು ಗಾಜಿನ ಮನೆಯಲ್ಲಿ ಒತ್ತಾಯ ಮಾಡಿ ಅರಳಿಸಿದ್ದು.

ಮೊದಲ ಸಲ ಕೊಳ್ಳುವವರು ಯಾವುದು ತಗೋಬೇಕು?

ಕಣ್ಣು ಮುಚ್ಚಿ ಒಂದು ಲೆಂಟನ್ ರೋಸ್ ಹೈಬ್ರಿಡ್ ತಗೊಳ್ಳಿ. ನರ್ಸರಿಯ ಚೀಟಿಯಲ್ಲಿ ಹೆಲೆಬೋರಸ್ ಹೈಬ್ರಿಡಸ್ ಅಂತಲೋ, ಓರಿಯಂಟಾಲಿಸ್ ಹೈಬ್ರಿಡ್ ಅಂತಲೋ ಇರುತ್ತದೆ. ಗಟ್ಟಿ ಗಿಡ. ಅಂಟುಮಣ್ಣು, ಅರೆನೆರಳು, ಮರೆತು ನೀರು ಹಾಕದ ಯಜಮಾನ, ಎಲ್ಲವನ್ನೂ ಸಹಿಸುತ್ತದೆ. ನೈಗರ್ ನೋಡಲು ಚೆಂದ, ಆದರೆ ಸ್ವಲ್ಪ ಮುನಿಸು ಜಾಸ್ತಿ. ನೀರು ನಿಂತರೆ ಬುಡ ಕೊಳೆಯುತ್ತದೆ. ಫೀಟಿಡಸ್ ಬ್ರಿಟನ್ನಿನದೇ ಕಾಡುಗಿಡ. ಹಸಿರು ಗಂಟೆಗಳಂಥ ಹೂ, ಅಂಚಿಗೆ ಕುಂಕುಮದ ಗೆರೆ. ಇಂಗ್ಲಿಷ್ ಹೆಸರಿನಲ್ಲೇ ನಾರುವುದು ಅಂತ ಇದೆ, ಪಾಪ. ಎಲೆ ಹೊಸಕಿದರೆ ಮಾತ್ರ ವಾಸನೆ, ಸುಮ್ನೆ ಬಿಟ್ಟರೆ ಏನೂ ಇಲ್ಲ. ಬಿಸಿಲು ಜಾಸ್ತಿ ಇರುವ ಜಾಗಕ್ಕೆ ಕಾರ್ಸಿಕಾ ದ್ವೀಪದ ಆರ್ಗ್ಯುಟಿಫೋಲಿಯಸ್. ಅದರ ಎಲೆಗೆ ಗರಗಸದ ಹಲ್ಲು. ಮಯೋರ್ಕಾ ದ್ವೀಪದ ಲಿವಿಡಸ್ ಮಾತ್ರ ಹೊಸಬರಿಗೆ ಬೇಡ, ಗಟ್ಟಿ ಹಿಮ ಬಿದ್ದರೆ ಅದು ತಡೆಯುವುದಿಲ್ಲ.

ಒಂದೇ ಒಂದು ನಿಯಮ ನೆನಪಿಟ್ಟುಕೊಳ್ಳಿ. ಹೂ ಬಿಟ್ಟಿರುವಾಗಲೇ ಕೊಳ್ಳಿ. ಚೀಟಿಯ ಮೇಲಿನ ಫೋಟೋ ನಂಬಬೇಡಿ. ಬೀಜದಿಂದ ಬಂದ ಹೈಬ್ರಿಡ್‌ಗಳಲ್ಲಿ ಅಕ್ಕತಂಗಿಯರು ಕೂಡ ಒಂದೇ ಥರ ಇರುವುದಿಲ್ಲ. ನರ್ಸರಿಯಲ್ಲಿ ಬಗ್ಗಿ, ಪ್ರತಿ ಹೂವಿನ ಗಲ್ಲ ಹಿಡಿದು ಎತ್ತಿ ನೋಡಿ. ಒಳಗಿನ ಬಣ್ಣ, ಚುಕ್ಕಿ, ಎಸಳಿನ ದುಂಡು ಎಲ್ಲ ಕಾಣುವುದು ಆಗಲೇ. ನೋಡುವವರು ನಗಬಹುದು, ನಗಲಿ. ಮೂರು ಹೆಜ್ಜೆ ಆಚೆ ಇನ್ನೊಬ್ಬರು ಮಂಡಿಯೂರಿ ಅದನ್ನೇ ಮಾಡುತ್ತಿರುತ್ತಾರೆ.

ಎಲ್ಲಿ ನೆಡಬೇಕು? ಮಣ್ಣು ಹೇಗಿರಬೇಕು?

ಚಳಿಗಾಲದಲ್ಲಿ ಎಲೆ ಉದುರಿಸುವ ಮರದ ಕೆಳಗೆ. ಹೂವಿನ ಕಾಲದಲ್ಲಿ ಬೆಳಕು ಸಿಗುತ್ತದೆ, ಬೇಸಿಗೆಯಲ್ಲಿ ನೆರಳು ಸಿಗುತ್ತದೆ. ಮಣ್ಣಿಗೆ ಸ್ವಲ್ಪ ಸುಣ್ಣದ ಗುಣವಿದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ನೀರು ಮಾತ್ರ ನಿಲ್ಲಬಾರದು.

ಬೇರು ಆಳಕ್ಕೆ ಇಳಿಯುತ್ತದೆ, ಹಾಗಾಗಿ ಗುಂಡಿಯನ್ನು ಆಳವಾಗಿ ಸಡಿಲ ಮಾಡಿ ಎಲೆಗೊಬ್ಬರ ಬೆರೆಸಿ. ಗಿಡದ ಕುತ್ತಿಗೆ ಮಣ್ಣಿನ ಮಟ್ಟಕ್ಕೇ ಇರಲಿ, ಹೂಳಬೇಡಿ. ಎರಡು ಗಿಡಗಳ ನಡುವೆ ಒಂದೂವರೆ ಅಡಿ ಬಿಡಿ. ನಾನು ಮಲೆನಾಡಿನವಳು. ಅಡಿಕೆ ತೋಟಕ್ಕೆ ದರಗು ಹಾಕುವುದನ್ನು ನೋಡಿ ಬೆಳೆದವಳು. ಇಲ್ಲಿ ನವೆಂಬರಿನಲ್ಲಿ ಅಕ್ಕಪಕ್ಕದವರು ಉದುರೆಲೆಯನ್ನು ಮೂಟೆ ಕಟ್ಟಿ ಹೊರಗಿಡುತ್ತಾರೆ. ನಾನು ಆ ಮೂಟೆಗಳನ್ನು ಕೇಳಿ ತಂದು ಹಿತ್ತಿಲ ಮೂಲೆಯಲ್ಲಿ ಎರಡು ವರ್ಷ ಕೊಳೆಯಲು ಬಿಡುತ್ತೇನೆ. ಕೊನೆಗೆ ಸಿಗುವುದು ಕಾಫಿಪುಡಿಯಂಥ ಕಪ್ಪು ಮಣ್ಣು. ಹೆಲೆಬೋರ್‌ಗೆ ಇದಕ್ಕಿಂತ ದೊಡ್ಡ ಉಪಚಾರವಿಲ್ಲ.

ಇನ್ನೊಂದು ಮಾತು. ಹೂ ತಲೆ ತಗ್ಗಿಸಿರುವುದರಿಂದ ಇಳಿಜಾರಿನಲ್ಲೋ ಎತ್ತರದ ಪಾತಿಯಲ್ಲೋ ನೆಟ್ಟರೆ ಕೆಳಗಿನಿಂದ ಮುಖ ಕಾಣುತ್ತದೆ. ತಲೆ ತಗ್ಗಿಸುವುದಕ್ಕೂ ಕಾರಣವಿದೆ. ಮಳೆ, ಹಿಮ ಬಿದ್ದರೆ ಪರಾಗ ನೆನೆಯಬಾರದಲ್ಲ, ಕೊಡೆ ಹಿಡಿದ ಹಾಗೆ.

ಮನೆ ಒಳಗೆ ಕಿಟಕಿ ಹತ್ತಿರ ಇಡಬಹುದಾ?

ನಾನು ಮಾಡಿದ ಮೊದಲ ತಪ್ಪೇ ಇದು. ಇಲ್ಲಿಗೆ ಬಂದ ಮೊದಲ ಡಿಸೆಂಬರಿನಲ್ಲಿ ಒಂದು ಸೂಪರ್‌ಮಾರ್ಕೆಟ್‌ನಿಂದ ಕ್ರಿಸ್‌ಮಸ್ ರೋಸ್ ತಂದೆ. ಮಿರುಗುವ ಕಾಗದ ಸುತ್ತಿದ ಪುಟ್ಟ ಕುಂಡ. ಹೊರಗೆ ಇಷ್ಟು ಚಳಿ, ಪಾಪ ಅಂತ ಹಾಲ್‌ನಲ್ಲಿ ಹೀಟರ್ ಮೇಲಿನ ಶೆಲ್ಫ್‌ನಲ್ಲಿ ಇಟ್ಟೆ. ದಿನಾ ಬೆಳಗ್ಗೆ ನೀರು. ಹತ್ತು ದಿನಕ್ಕೆ ಹೂ ಕಂದಿತು. ಎಲೆ ಹಳದಿಯಾಯಿತು. ಸಂಕ್ರಾಂತಿಗೆ ಕುಂಡದಲ್ಲಿ ಉಳಿದದ್ದು ಕೊಳೆತ ಬುಡ. ಆ ಕಾಗದದೊಳಗೆ ಎರಡು ಇಂಚು ನೀರು ನಿಂತಿತ್ತು, ನಾನು ನೋಡಿರಲೇ ಇಲ್ಲ. ಬೆಚ್ಚಗಿಡಬೇಕು ಅನ್ನುವುದು ನಮ್ಮ ಊರಿನ ಬುದ್ಧಿ, ಈ ಗಿಡಕ್ಕೆ ಬೇಕಾಗಿದ್ದು ಹೊರಗಿನ ಚಳಿ. ಒಳಗೆ ಇಡಲೇಬೇಕು ಅನಿಸಿದರೆ ನೆಂಟರು ಬಂದ ಎರಡು ದಿನ ಇಡಿ, ಆಮೇಲೆ ಹೊರಗೆ ಬಿಡಿ.

ಕುಂಡದಲ್ಲಿ ಬೆಳೆಯುತ್ತಾ?

ಎರಡು ಮೂರು ವರ್ಷ ಬೆಳೆಯುತ್ತದೆ. ಕುಂಡ ಆಳವಿರಲಿ, ಜಾನ್ ಇನ್ಸ್ ನಂ. 3 ಥರದ ಮಣ್ಣಿನ ಮಿಶ್ರಣ ಹಾಕಿ. ಬೇಸಿಗೆಯಲ್ಲಿ ನೆರಳಿಗೆ ಸರಿಸಿ. ಬೇರು ತಿನ್ನುವ ವೈನ್ ವೀವಿಲ್ ಮರಿಹುಳು ಕುಂಡದಲ್ಲಿ ಜಾಸ್ತಿ, ಗಿಡ ಕಾರಣವಿಲ್ಲದೆ ಸೊರಗಿದರೆ ಮಣ್ಣು ಕೊಡವಿ ನೋಡಿ.

ಬೆಳಗ್ಗೆ ಎದ್ದು ನೋಡಿದರೆ ಗಿಡ ನೆಲಕ್ಕೆ ಮಲಗಿದೆ. ಸತ್ತೇಹೋಯಿತಾ?

ಇಲ್ಲ. ರಾತ್ರಿ ಹಿಮ ಗಟ್ಟಿಯಾಗಿ ಬಿದ್ದಿದೆ ಅಷ್ಟೆ. ದಂಟಿನಲ್ಲಿರುವ ನೀರು ಸರಿದು ಗಿಡ ಬಿಸಿನೀರು ಹೊಯ್ದ ಸೊಪ್ಪಿನ ಹಾಗೆ ಜೋತುಬೀಳುತ್ತದೆ. ಹನ್ನೊಂದು ಗಂಟೆಗೆ ಬಿಸಿಲು ಬಂದ ಮೇಲೆ ಒಂದು ಲೋಟ ಕಾಫಿ ಹಿಡಿದು ಕಿಟಕಿಯಲ್ಲಿ ನಿಂತರೆ, ಒಂದೊಂದೇ ದಂಟು ಎದ್ದು ನಿಲ್ಲುವುದನ್ನು ನೋಡಬಹುದು. ಹಿಮ ಕರಗುವ ಮುಂಚೆ ಮುಟ್ಟಬೇಡಿ, ದಂಟು ಮುರಿಯುತ್ತದೆ.

ಹಳೆ ಎಲೆ ಕತ್ತರಿಸಬೇಕಂತೆ, ಹೌದಾ?

ಲೆಂಟನ್ ಹೈಬ್ರಿಡ್‌ಗಳಿಗೆ ಹೌದು. ಡಿಸೆಂಬರಿನಲ್ಲಿ ಅಥವಾ ಜನವರಿ ಮೊದಲ ವಾರದಲ್ಲಿ, ಹೂವಿನ ಮೊಗ್ಗು ಮಣ್ಣಿನಿಂದ ಇಣುಕುವ ಹೊತ್ತಿಗೆ, ಹಳೆಯ ಎಲೆಗಳನ್ನೆಲ್ಲ ಬುಡಕ್ಕೆ ಕತ್ತರಿಸಿ. ಮೊದಲ ಸಲ ಕೈ ನಡುಗುತ್ತದೆ. ಹಸಿರಾಗಿ ಚೆನ್ನಾಗಿರೋ ಎಲೆ, ಯಾಕೆ ಕೊಯ್ಯಬೇಕು ಅನಿಸುತ್ತದೆ. ಆದರೆ ಕಪ್ಪುಕಲೆ ರೋಗ ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ದಾಟುವುದು ಆ ಎಲೆಯಲ್ಲೇ. ಇಲಿಗಳು ಆ ಎಲೆಯ ಮರೆಯಲ್ಲೇ ಕೂತು ಮೊಗ್ಗು ತಿನ್ನುತ್ತವೆ. ಹೂ ಕಾಣದ ಹಾಗೆ ಮುಚ್ಚುವುದೂ ಅದೇ. ಮಾರ್ಚ್ ಹೊತ್ತಿಗೆ ಹೊಸ ಎಲೆ ಬರುತ್ತದೆ.

ಫೀಟಿಡಸ್, ಆರ್ಗ್ಯುಟಿಫೋಲಿಯಸ್ ಗಿಡಗಳ ಲೆಕ್ಕ ಬೇರೆ. ಅವುಗಳ ಹೂ ಬರುವುದು ಎಲೆಯಿರುವ ದಂಟಿನ ತುದಿಯಲ್ಲೇ. ಚಳಿಗಾಲದಲ್ಲಿ ಕತ್ತರಿಸಿದರೆ ಆ ವರ್ಷದ ಹೂ ಹೋಯಿತು. ಬಾಳೆ ಗೊನೆ ಕೊಟ್ಟ ಮೇಲೆ ಕಡಿದ ಹಾಗೆ, ಹೂ ಮುಗಿದ ಮೇಲೆ ಮೇ ತಿಂಗಳಲ್ಲಿ ಆ ದಂಟನ್ನು ತೆಗೆಯಿರಿ. ಪಕ್ಕದಲ್ಲಿ ಮರಿದಂಟು ಆಗಲೇ ಬಂದಿರುತ್ತದೆ.

ಎಲೆ ಮೇಲೆ ಕಪ್ಪು ಬಂದಿದೆ. ಏನು ಮಾಡಲಿ?

ಮೊದಲು ಯಾವ ಥರದ ಕಪ್ಪು ನೋಡಿ. ದುಂಡಗೆ, ಕಂದುಗಪ್ಪು ಮಚ್ಚೆಗಳಾಗಿ, ಉಂಗುರ ಉಂಗುರವಾಗಿ ಇದ್ದರೆ ಅದು ಆಗಲೇ ಹೇಳಿದ ಕಪ್ಪುಕಲೆ, ಶಿಲೀಂಧ್ರದಿಂದ ಬರುವ ರೋಗ. ಕೊಯ್ದು ಕಸದ ಡಬ್ಬಿಗೆ ಹಾಕಿ, ಗೊಬ್ಬರದ ಗುಂಡಿಗೆ ಬೇಡ. ಗಿಡ ಬದುಕುತ್ತದೆ.

ನರಗಳ ಗುಂಟ ಕಪ್ಪು ಗೆರೆ ಓಡಿ, ಎಲೆ ಮುರುಟಿ, ಗಿಡ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದ್ದರೆ ಅದು ಬ್ಲ್ಯಾಕ್ ಡೆತ್. ವೈರಸ್‌ನಿಂದ ಬರುವ ರೋಗ, ಗಿಡದ ರಸ ಹೀರುವ ಹೇನುಗಳು ಹರಡುತ್ತವೆ ಅನ್ನುತ್ತಾರೆ. 1990ರ ದಶಕದಲ್ಲಿ ಬೆಳೆಗಾರರ ಕಣ್ಣಿಗೆ ಬಿದ್ದದ್ದು. ಔಷಧಿ ಇಲ್ಲ. ಬೇರುಸಹಿತ ಕಿತ್ತು ಸುಡಿ ಅಥವಾ ಚೀಲದಲ್ಲಿ ಕಟ್ಟಿ ಎಸೆಯಿರಿ. ನನಗೆ ಅಂಥ ಒಂದು ಗಿಡ ಕೀಳುವುದಕ್ಕೆ ಎರಡು ವರ್ಷ ಮನಸ್ಸು ಬರಲಿಲ್ಲ. ಕಡು ನೇರಳೆ ಬಣ್ಣದ್ದು, ಮೊದಲ ಹತ್ತರಲ್ಲಿ ಒಂದು. ಅಷ್ಟರಲ್ಲಿ ಪಕ್ಕದ ಎರಡಕ್ಕೆ ಅಂಟಿತು. ಮೂರನ್ನೂ ಒಂದೇ ದಿನ ಕಿತ್ತೆ. ಹಾಗಾಗಿ ಹೇನು ಕಂಡ ತಕ್ಷಣ ಕೈಗವಸು ಹಾಕಿಕೊಂಡು ಹೊಸಕಿಬಿಡಿ. ಹೂವಿನ ಒಳಗೆ, ದಂಟಿನ ಸಂದಿನಲ್ಲಿ ಬಿಳಿಚಿಕೊಂಡು ಗುಂಪಾಗಿ ಕೂತಿರುತ್ತವೆ.

ವಿಷ ಅಂತಾರೆ. ಮನೇಲಿ ಮಗು ಇದೆ, ಭಯವಾ?

ನಿಜ, ವಿಷ. ಬೇರು, ಎಲೆ, ಬೀಜ, ಎಲ್ಲವೂ. ಹೃದಯದ ಮೇಲೆ ಪರಿಣಾಮ ಮಾಡುವ ಅಂಶಗಳು ಇದರಲ್ಲಿವೆ. ರಸ ತಾಗಿದರೆ ಕೆಲವರ ಚರ್ಮ ಉರಿಯುತ್ತದೆ, ಗುಳ್ಳೆ ಏಳುತ್ತದೆ. ಬರಿಗೈಲಿ ಬೀಜ ಬಿಡಿಸುತ್ತಾ ಕೂರಬೇಡಿ. ಆದರೆ ರುಚಿ ಎಷ್ಟು ಕಹಿ ಅಂದರೆ ಯಾರೂ ಎರಡನೇ ತುತ್ತು ತಿನ್ನುವುದಿಲ್ಲ. ನಮ್ಮ ಹಿತ್ತಿಲಿನ ಕಣಗಿಲೆಗೂ ಇದೇ ಮಾತು ಅನ್ವಯಿಸುತ್ತದೆ ಅಲ್ವಾ? ಅದರ ನಡುವೆಯೇ ಆಡಿ ಬೆಳೆದೆವು, ತಿನ್ನಬಾರದು ಅಂತ ಅಜ್ಜಿ ಒಂದು ಸಲ ಹೇಳಿದ್ದರು, ಅಷ್ಟೆ. ಎಲ್ಲವನ್ನೂ ಬಾಯಿಗೆ ಹಾಕುವ ವಯಸ್ಸಿನ ಮಗು ಇದ್ದರೆ ಮಾತ್ರ ಒಂದೆರಡು ವರ್ಷ ತಡೆಯಿರಿ.

ಹಳೆಯ ಗ್ರೀಕರಿಗೆ ಇದು ಮದ್ದೂ ಹೌದು, ಆಯುಧವೂ ಹೌದು. ಕ್ರಿ.ಪೂ. 6ನೇ ಶತಮಾನದ ಶುರುವಿನಲ್ಲಿ ಕಿರ್ರಾ ಅನ್ನುವ ಊರಿಗೆ ಮುತ್ತಿಗೆ ಹಾಕಿದವರು ಊರಿನ ನೀರಿಗೆ ಹೆಲೆಬೋರ್ ಬೇರು ಹಾಕಿದರಂತೆ. ಒಳಗಿದ್ದ ಸೈನಿಕರಿಗೆ ಹೊಟ್ಟೆ ಕೆಟ್ಟು ಗೋಡೆ ಕಾಯುವವರೇ ಇಲ್ಲದಂತಾಯಿತು ಅಂತ ಪೌಸೇನಿಯಸ್ ಅನ್ನುವ ಹಳೆಯ ಗ್ರೀಕ್ ಪ್ರವಾಸಿ ಬರೆದಿದ್ದಾನೆ. ಹುಚ್ಚು ಬಿಡಿಸುವ ಮದ್ದು ಅಂತ ಇದಕ್ಕೆ ಹೆಸರಿತ್ತು. ಆಂಟಿಕೈರಾ ಅನ್ನುವ ಊರಿನ ಹೆಲೆಬೋರ್ ಎಷ್ಟು ಪ್ರಸಿದ್ಧ ಅಂದರೆ, ತಲೆ ಕೆಟ್ಟ ಹಾಗೆ ಮಾತಾಡುವವರಿಗೆ "ಆಂಟಿಕೈರಾಗೆ ಹಡಗು ಹತ್ತು" ಅನ್ನುವುದು ರೋಮನ್ನರ ಕಾಲದ ಗೇಲಿ. ಗ್ರೀಕರು ಯಾವ ಯಾವ ಗಿಡವನ್ನು ಈ ಹೆಸರಿನಿಂದ ಕರೆದರು ಅನ್ನುವುದರಲ್ಲಿ ಗೊಂದಲವಿದೆ. ಬಿಳಿ ಹೆಲೆಬೋರ್ ಅಂತ ಅವರು ಹೇಳಿದ್ದು ವೆರಾಟ್ರಮ್, ಅದು ಬೇರೆಯೇ ಕುಟುಂಬ.

ಊರಲ್ಲಿ ಗ್ರಂಥಿಗೆ ಅಂಗಡಿಯಲ್ಲಿ ಬ್ಲ್ಯಾಕ್ ಹೆಲೆಬೋರ್ ಅಂತ ಬೇರು ಕೊಡ್ತಾರಲ್ಲ, ಅದು ಇದೇನಾ?

ಅಲ್ಲ, ಅಲ್ಲ, ಅಲ್ಲ. ಅದು ಕಟುಕರೋಹಿಣಿ. ಹಿಮಾಲಯದ ಎತ್ತರದಲ್ಲಿ ಬೆಳೆಯುವ ಪಿಕ್ರೊರೈಜಾ. ಅದೂ ಕಹಿ, ಅದರ ಬೇರೂ ಕಪ್ಪಗೆ. ಹಿಂದೆ ಇಂಗ್ಲಿಷಿನಲ್ಲಿ ಪಟ್ಟಿ ಮಾಡಿದವರು ಹೆಲೆಬೋರ್ ಅಂತ ಹೆಸರು ಅಂಟಿಸಿದರು, ಇವತ್ತಿಗೂ ಡಬ್ಬಿಯ ಚೀಟಿಯಲ್ಲಿ ಅದೇ ನಡೆದುಕೊಂಡು ಬಂದಿದೆ. ಹೆಸರು ಒಂದೇ ಅಂತ ನಿಮ್ಮ ಹಿತ್ತಿಲ ಗಿಡದ ಬೇರು ಕಿತ್ತು ಕಷಾಯಕ್ಕೆ ಹಾಕಿದರೆ ಜೀವಕ್ಕೇ ಅಪಾಯ. ನಮ್ಮ ಪರಿಚಯದ ಹಿರಿಯರೊಬ್ಬರು ಜ್ವರಕ್ಕೆ ಒಳ್ಳೇದು ಅಂತ ಬೇರು ಕೇಳಿಕೊಂಡು ಬಂದೇಬಿಟ್ಟಿದ್ದರು. ಟೀ ಕೊಟ್ಟು ಕಳಿಸಿದೆ.

ದೇವರಿಗೆ ಇಡಬಹುದಾ? ಹೂದಾನಿಯಲ್ಲಿ ನಿಲ್ಲುತ್ತಾ?

ದೇವರ ಮುಂದೆ ಇಡುವುದಕ್ಕೆ ನನಗೇನೂ ಅಡ್ಡಿ ಕಾಣುವುದಿಲ್ಲ, ನಾನು ಇಡುತ್ತೇನೆ. ತೀರ್ಥದ ಪಾತ್ರೆಗೆ ಮಾತ್ರ ಹಾಕಬೇಡಿ, ಪ್ರಸಾದದ ತಟ್ಟೆಗೂ ಬೇಡ.

ಹೂದಾನಿಯಲ್ಲಿ ಎಳೆ ಹೂ ಒಂದೇ ಗಂಟೆಯಲ್ಲಿ ಕತ್ತು ಚೆಲ್ಲುತ್ತದೆ. ಕೇಸರ ಉದುರಿ, ನಡುವೆ ಕಾಯಿ ಕಟ್ಟಲು ಶುರುವಾದ ಹೂವನ್ನು ಕೊಯ್ದರೆ ವಾರಗಟ್ಟಲೆ ನಿಲ್ಲುತ್ತದೆ. ಎಲ್ಲಕ್ಕಿಂತ ಚೆಂದ ಅಂದರೆ ಉರುಳಿಯಲ್ಲಿ ತೇಲಿಬಿಡುವುದು. ತೊಟ್ಟು ಗಿಡ್ಡ ಮಾಡಿ, ಮುಖ ಮೇಲೆ ಮಾಡಿ ನೀರಿನ ಮೇಲೆ ಬಿಡಿ. ಗಿಡದಲ್ಲಿ ತಗ್ಗಿಸಿದ ಮುಖವೆಲ್ಲ ಒಟ್ಟಿಗೆ ಮೇಲೆ ನೋಡುತ್ತವೆ. ಹಳದಿ, ಚುಕ್ಕಿ, ಕಪ್ಪು, ಹಸಿರು ಪಕ್ಕಪಕ್ಕ ಬಂದಾಗಲೇ ಯಾವುದು ಯಾವುದಕ್ಕಿಂತ ಚೆಂದ ಅಂತ ಗೊತ್ತಾಗುವುದು. ಇಲ್ಲಿನ ತೋಟಗಾರರೂ ಬೋಗುಣಿಯಲ್ಲಿ ಹೀಗೇ ಮಾಡುತ್ತಾರೆ. ನಾನು ಊರಿಂದ ತಂದ ಹಿತ್ತಾಳೆ ಉರುಳಿ ಇಟ್ಟೆ, ಅಷ್ಟೇ ವ್ಯತ್ಯಾಸ.

ಬೀಜದಿಂದ ಬೆಳೆಸುವುದು ಹೇಗೆ? ಎಷ್ಟು ಸಲ ಹಾಕಿದರೂ ಹುಟ್ಟುವುದಿಲ್ಲ.

ಒಣಗಿದ ಬೀಜ ಹಾಕಿರುತ್ತೀರಿ. ಹೆಲೆಬೋರ್ ಬೀಜ ತಾಜಾ ಇರಬೇಕು. ಮೇ ಕೊನೆಯಿಂದ ಜೂನ್ ಒಳಗೆ ಕಾಯಿ ಉಬ್ಬಿ, ಬೆರಳಿನಲ್ಲಿ ಒತ್ತಿದರೆ ಬಾಯಿ ಬಿಡುತ್ತದೆ. ಒಳಗೆ ಮಿರಮಿರ ಮಿಂಚುವ ಕಪ್ಪು ಬೀಜ. ಪ್ರತಿ ಬೀಜದ ಒಂದು ಬದಿಗೆ ಬಿಳಿ ಏಣು. ಹರಳು ಬೀಜದ ತುದಿಯಲ್ಲಿ ಗಂಟು ಇರುತ್ತಲ್ಲ, ಇದೂ ಅಂಥದೇ, ಇರುವೆಗೆ ಇಟ್ಟ ತಿಂಡಿ. ಇರುವೆ ಬೀಜವನ್ನು ಗೂಡಿಗೆ ಹೊತ್ತು, ತಿಂಡಿ ತಿಂದು, ಬೀಜ ಎಸೆಯುತ್ತದೆ. ಹಾಗೆಯೇ ಗಿಡ ಊರು ಬದಲಿಸುತ್ತದೆ. ನಮಗೆ ಬೀಜ ಬೇಕು ಅಂದರೆ ಇರುವೆಗಿಂತ ಮುಂಚೆ ಹೋಗಬೇಕು. ಕಾಯಿ ಹಳದಿಯಾಗುವ ಮುಂಚೆಯೇ ತೆಳು ಬಟ್ಟೆಯ ಚೀಲ ಕಟ್ಟಿಬಿಡಿ. ನಮ್ಮನೆಯಲ್ಲಿ ಅಪ್ಪನ ಹಳೆಯ ಪಂಚೆಯೊಂದು ಈ ಕೆಲಸಕ್ಕೇ ಚೂರು ಚೂರಾಗಿದೆ.

ಸಿಕ್ಕ ವಾರವೇ ಬಿತ್ತಿ. ಮೇಲೆ ತೆಳುವಾಗಿ ಜಲ್ಲಿಪುಡಿ ಹರಡಿ, ಹೊರಗೆ ನೆರಳಲ್ಲಿ ಇಡಿ. ಬೇಸಿಗೆಯುದ್ದಕ್ಕೂ ಒಣಗಲು ಬಿಡಬೇಡಿ. ಏನೂ ಆಗುವುದಿಲ್ಲ. ಮನೆಯವರು "ಈ ಖಾಲಿ ಕುಂಡಕ್ಕೆ ಯಾಕೆ ನೀರು?" ಅಂತ ಕೇಳುತ್ತಾರೆ. ಸುಮ್ಮನಿರಿ. ಬೀಜಕ್ಕೆ ಮೊದಲು ಮೂರು ತಿಂಗಳ ಬೆಚ್ಚಗೆ ಬೇಕು, ಆಮೇಲೆ ಚಳಿ ಬೇಕು. ಒಳಗಿನ ಭ್ರೂಣ ಬೆಳೆಯುವುದು ಆ ಕ್ರಮದಲ್ಲೇ. ಡಿಸೆಂಬರಿಂದ ಫೆಬ್ರವರಿ ಒಳಗೆ, ಬೇರೆ ಯಾವ ಬೀಜವೂ ಏಳದ ಹೊತ್ತಿನಲ್ಲಿ, ಜೋಡಿ ಎಲೆಗಳು ಮಣ್ಣು ಸೀಳಿ ಬರುತ್ತವೆ. ಮೂರನೆಯ ಎಲೆ, ಅಂದರೆ ನಿಜವಾದ ಎಲೆ, ಬಂದ ಮೇಲೆ ಬೇರೆ ಬೇರೆ ಕುಂಡಕ್ಕೆ ಬದಲಾಯಿಸಿ. ಮೊದಲ ಹೂವಿಗೆ ಎರಡರಿಂದ ನಾಲ್ಕು ವರ್ಷ. ಅಂಗಡಿಯ ಒಣ ಬೀಜವೂ ಕೆಲವು ಸಲ ಹುಟ್ಟುತ್ತದೆ, ಆದರೆ ಇನ್ನೊಂದು ವರ್ಷ ಕಾಯಿಸುತ್ತದೆ.

ನಾನೇ ಹೊಸ ಬಣ್ಣ ಮಾಡಬಹುದಾ?

ಖಂಡಿತ, ಮಕ್ಕಳಾಟ. ಹೆಲೆಬೋರ್‌ನಲ್ಲಿ ಹೆಣ್ಣು ಭಾಗ ಮೊದಲು ಬಲಿಯುತ್ತದೆ, ಪರಾಗ ಆಮೇಲೆ ಬರುತ್ತದೆ. ಆಗತಾನೇ ಬಿರಿಯುವ ಮೊಗ್ಗನ್ನು ಮೆಲ್ಲಗೆ ತೆರೆದು, ಕೇಸರ ಕಿತ್ತು, ಬೇರೆ ಗಿಡದ ಪುಡಿ ಪರಾಗವನ್ನು ಬೆರಳಲ್ಲೋ ಕುಂಚದಲ್ಲೋ ಮುಟ್ಟಿಸಿ. ದಂಟಿಗೆ ಬಣ್ಣದ ನೂಲು ಕಟ್ಟಿ, ಪುಸ್ತಕದಲ್ಲಿ ಬರೆದಿಡಿ. ಬರೆಯದೆ ನೆನಪಿರುತ್ತೆ ಅಂದುಕೊಂಡರೆ ಕೆಟ್ಟಿರಿ. ಆದರೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬೇಡಿ. ಹತ್ತು ಸಸಿಯಲ್ಲಿ ಎಂಟು ಮಬ್ಬು ಗುಲಾಬಿ ಬರುತ್ತವೆ. ನನ್ನ ಹತ್ತಿರ ಎಲ್ಲರಿಗೂ ಹಂಚಿ ಉಳಿದ ಮಬ್ಬು ಗುಲಾಬಿ ಇನ್ನೂ ಇದೆ.

ಸಂಗ್ರಹ ಶುರು ಮಾಡಬೇಕು. ಹೆಸರಾಂತ ತಳಿಗಳು ಯಾವುವು?

ಹೆಸರಿನ ಹಿಂದೆ ಓಡುವ ಮುಂಚೆ ಒಂದು ವಿಷಯ ತಿಳಿದಿರಲಿ. ಹೆಲೆಬೋರ್ ಮಾರುಕಟ್ಟೆಯಲ್ಲಿ ಎರಡು ಥರದ ಹೆಸರುಗಳಿವೆ. ಒಂದು, ಒಂದೇ ಗಿಡದ ನಕಲುಗಳು. ಹಿಂದೆ ಬುಡ ಸೀಳಿ ಮಾಡುತ್ತಿದ್ದರು, ಈಗ ಪ್ರಯೋಗಾಲಯದ ಅಂಗಾಂಶ ಕೃಷಿಯಿಂದ ಲಕ್ಷಗಟ್ಟಲೆ ಮಾಡುತ್ತಾರೆ. ಡೆವನ್‌ನ ರಾಡ್ನಿ ಡೇವಿಯವರ ಆನಾಸ್ ರೆಡ್, ಪೆನ್ನೀಸ್ ಪಿಂಕ್ ಈ ಥರದವು. ಹೂವಷ್ಟೇ ಅಲ್ಲ, ಅಮೃತಶಿಲೆಯ ಗೆರೆಯಿರುವ ಎಲೆಗೂ ಹೆಸರಾದವು. ಎರಡನೆಯದು, ಬೀಜದ ಸಾಲುಗಳು. ಹೆಸರು ಒಂದೇ ಇದ್ದರೂ ಒಂದೊಂದು ಗಿಡ ಒಂದೊಂದು ಥರ. ಕಿಂಗ್ಸ್‌ವಿನ್‌ಫರ್ಡ್‌ನ ಆ್ಯಶ್‌ವುಡ್ ನರ್ಸರಿಯ ಗಾರ್ಡನ್ ಹೈಬ್ರಿಡ್‌ಗಳು ಹೀಗೆ. ಜಾನ್ ಮ್ಯಾಸಿ ಮತ್ತು ಜೊತೆಗಾರರು ದಶಕಗಳಿಂದ ಕೈಯಿಂದ ಪರಾಗ ಮುಟ್ಟಿಸಿ, ಆರಿಸಿ ಆರಿಸಿ ತಂದ ಬಣ್ಣಗಳು.

ಇದಕ್ಕೆಲ್ಲ ಬುನಾದಿ ಹಾಕಿದವರು ಕೆಲವರೇ. ಹೆಲೆನ್ ಬ್ಯಾಲರ್ಡ್ ಹೂವಿನ ದುಂಡು ಮತ್ತು ಶುದ್ಧ ಬಣ್ಣದ ಹಿಂದೆ ಬಿದ್ದವರು. ಎರಿಕ್ ಸ್ಮಿತ್ ಹೆಸರಿನಲ್ಲಿ ಈಗ ಒಂದು ಹೈಬ್ರಿಡ್ ಗುಂಪೇ ಇದೆ. ಕೆಂಟ್‌ನ ವಾಶ್‌ಫೀಲ್ಡ್ ನರ್ಸರಿಯ ಎಲಿಜಬೆತ್ ಸ್ಟ್ರಾಂಗ್‌ಮನ್ 1971ರಲ್ಲಿ ಮಾಂಟೆನೆಗ್ರೊ ಬೆಟ್ಟದಲ್ಲಿ ಟಾರ್ಕ್ವಾಟಸ್ ಜಾತಿಯ ಎರಡು ಗಿಡ ಕಂಡರು, ಎರಡೂ ಸುತ್ತೆಸಳಿನವು, ಅಂದರೆ ಸುತ್ತಿನ ಮೇಲೆ ಸುತ್ತು ಎಸಳಿರುವವು. ಡೈಡೊ ಮತ್ತು ಈನಿಯಸ್ ಅಂತ ಹೆಸರಿಟ್ಟರು. ಕಾಡಿನಲ್ಲಿ ತಾನಾಗಿ ಹುಟ್ಟಿದ ಆ ಎರಡು ಗಿಡಗಳ ವಂಶದಿಂದಲೇ ಹ್ಯಾಂಪ್‌ಶೈರ್‌ನ ರಾಬಿನ್ ವೈಟ್ ಪಾರ್ಟಿ ಡ್ರೆಸ್ ಅನ್ನುವ ಸುತ್ತೆಸಳಿನ ಸಾಲು ಮಾಡಿದರು. ಸಂಗ್ರಹ ಮಾಡುವವರ ಹುಚ್ಚಿಗೆ ಆ ಬೆಟ್ಟದ ದಿನವೇ ಸಾಕ್ಷಿ.

ಚೀನಾದ ಟಿಬೆಟಾನಸ್ ಬಗ್ಗೆ ಒಂದು ಎಚ್ಚರಿಕೆ. ಪಾದ್ರಿ ಆರ್ಮಾಂಡ್ ಡೇವಿಡ್ 1869ರಲ್ಲಿ ಕಂಡ ಗಿಡ. ತೆಳು ಗುಲಾಬಿ, ರೇಷ್ಮೆಯ ಹಾಗೆ. ಬೇಸಿಗೆ ನಡುವಿಗೆ ಅದು ಪೂರ್ತಿ ಮಣ್ಣಿಗಿಳಿದು ಮಲಗುತ್ತದೆ. ಸತ್ತಿತು ಅಂತ ಅಗೆದು ಎಸೆದವರು ಬೇಕಾದಷ್ಟು ಜನ. ಜಾಗಕ್ಕೆ ಒಂದು ಕಲ್ಲಿಟ್ಟು ಗುರುತು ಮಾಡಿ.

ನನ್ನ ಅಭಿಪ್ರಾಯ ಕೇಳಿದರೆ, ಚೀಟಿ ಸಂಗ್ರಹಿಸಬೇಡಿ, ಹೂ ಸಂಗ್ರಹಿಸಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುವ ಹಾಗೆ ದುಬಾರಿ ಸುತ್ತೆಸಳಿನವನ್ನೇ ಹತ್ತು ತಂದು, ನೆರಳೂ ಗೊಬ್ಬರವೂ ಇಲ್ಲದ ಕಡೆ ನೆಟ್ಟವರನ್ನು ನೋಡಿದ್ದೇನೆ. ವರ್ಷಕ್ಕೆ ಎರಡೋ ಮೂರೋ ತನ್ನಿ. ಕಡು ಬಣ್ಣದ್ದರ ಪಕ್ಕ ತಿಳಿ ಬಣ್ಣದ್ದು ಇಡಿ. ಕಪ್ಪು ಹೆಲೆಬೋರ್ ಒಂಟಿಯಾಗಿದ್ದರೆ ಹತ್ತು ಅಡಿ ದೂರದಿಂದ ಕಾಣುವುದೇ ಇಲ್ಲ, ಮಣ್ಣಿನಲ್ಲಿ ಮಣ್ಣಾಗಿರುತ್ತದೆ. ಮತ್ತೆ, ಒಳ್ಳೆಯ ಗಿಡದ ಬುಡದಲ್ಲಿ ಹುಟ್ಟುವ ಸಸಿಗಳನ್ನು ಕಡ್ಡಾಯವಾಗಿ ಕೀಳಿ. ಬಿಟ್ಟರೆ ಐದಾರು ವರ್ಷದಲ್ಲಿ ಅವು ತಾಯಿಯನ್ನೇ ನುಂಗುತ್ತವೆ. ಆಮೇಲೆ "ನನ್ನ ಹಳದಿ ಗಿಡ ಗುಲಾಬಿಯಾಗಿ ಬದಲಾಯಿತು" ಅಂತ ಹೇಳುತ್ತೀರಿ. ಬದಲಾಗಿಲ್ಲ. ಹಳದಿ ಸತ್ತಿದೆ, ಮಕ್ಕಳು ಕೂತಿದ್ದಾರೆ.

ಬುಡ ಸೀಳಿ ಎರಡು ಮಾಡಬಹುದಾ?

ಲೆಂಟನ್ ಹೈಬ್ರಿಡ್ ಸೀಳಬಹುದು. ಸೆಪ್ಟೆಂಬರ್ ಒಳ್ಳೆಯ ಕಾಲ. ಪ್ರತಿ ತುಂಡಿಗೂ ಎರಡು ಮೂರು ಮೊಗ್ಗು ಇರಲಿ. ಒಂದು ವರ್ಷ ಮುನಿಸಿಕೊಂಡು ಹೂ ಕೊಡದಿರಬಹುದು. ಫೀಟಿಡಸ್, ಆರ್ಗ್ಯುಟಿಫೋಲಿಯಸ್ ಸೀಳಬೇಡಿ, ಅವನ್ನು ಬೀಜದಿಂದಲೇ ಬೆಳೆಸಬೇಕು.

ಕಾಡಿನಲ್ಲಿ ಫೀಟಿಡಸ್ ಕಂಡೆ. ಒಂದು ಕಿತ್ತು ತರಲಾ?

ಬೇಡ. ಜಾಗದ ಮಾಲೀಕರ ಅನುಮತಿಯಿಲ್ಲದೆ ಕಾಡುಗಿಡ ಕೀಳುವುದು ಬ್ರಿಟನ್ನಿನಲ್ಲಿ 1981ರ ಕಾನೂನಿನ ಪ್ರಕಾರ ಅಪರಾಧ. ನರ್ಸರಿಯಲ್ಲಿ ಅಗ್ಗಕ್ಕೆ ಸಿಗುತ್ತದೆ.

ನಾವು ಅಮೆರಿಕದಲ್ಲಿದ್ದೇವೆ. ಇಲ್ಲಿ ಬರುತ್ತಾ?

ಚಳಿಗಾಲ ಇರುವ ಕಡೆ ಚೆನ್ನಾಗಿ ಬರುತ್ತದೆ. ನ್ಯೂಜೆರ್ಸಿ, ವರ್ಜೀನಿಯಾ ಕಡೆಯವರಿಗೆ ದೊಡ್ಡ ಲಾಭ ಅಂದರೆ ಜಿಂಕೆ ಇದನ್ನು ಮುಟ್ಟುವುದಿಲ್ಲ. ವಿಷದ ಉಪಯೋಗ ನೋಡಿ! ಆರಿಗನ್ ರಾಜ್ಯದ ಯೂಜೀನ್‌ನಲ್ಲಿ ಓಬರ್ನ್ ದಂಪತಿ ಬೆಳೆಸಿದ ವಿಂಟರ್ ಜ್ಯೂಯೆಲ್ಸ್ ಸಾಲು ಅಲ್ಲಿ ಸುಲಭವಾಗಿ ಸಿಗುತ್ತದೆ, ಸುತ್ತೆಸಳಿನವು ಬಹಳ ಚೆನ್ನಾಗಿವೆ. ಕ್ಯಾಲಿಫೋರ್ನಿಯಾ ಕರಾವಳಿಯವರು ಆರ್ಗ್ಯುಟಿಫೋಲಿಯಸ್ ಹಾಕಿ, ಒಣ ಬೇಸಿಗೆ ತಡೆಯುತ್ತದೆ.

ಬೆಂಗಳೂರಿನಲ್ಲಿ ಅಮ್ಮನ ಮನೆಗೆ ಒಂದು ಕಳಿಸಲಾ?

ಕಳಿಸಬೇಡಿ. ಬೆಂಗಳೂರಿನ ಜನವರಿ ರಾತ್ರಿ ಅಂದರೆ 15-16 ಡಿಗ್ರಿ, ಅದು ಹೆಲೆಬೋರ್‌ಗೆ ಬೇಸಿಗೆಯೇ. ಎಲೆ ಬರಬಹುದು, ಹೂ ಬರುವುದಿಲ್ಲ, ಮಳೆಗಾಲದಲ್ಲಿ ಕೊಳೆಯುತ್ತದೆ. ಗಿಡ, ಬೀಜ ಗಡಿ ದಾಟಿಸುವುದಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇರೆ ಬೇಕು. ಅಮ್ಮನಿಗೆ ಫೋಟೋ ಕಳಿಸಿ. ನಮ್ಮಮ್ಮ ಫೋಟೋ ನೋಡಿ "ಇದೇನೇ, ತಲೆ ಬಗ್ಗಿಸ್ಕೊಂಡು ಬೈಸಿಕೊಳ್ತಾ ನಿಂತಿರೋ ಹಾಗಿದೆ" ಅಂದಿದ್ದರು.

ನನ್ನ ಗಿಡದ ಚೀಟಿ ಕಳೆದಿದೆ. ಹೂ ನೋಡಿ ಹೆಸರು ಹೇಳ್ತೀರಾ?

ಬೀಜದಿಂದ ಬಂದ ಹೈಬ್ರಿಡ್ ಆದರೆ ಹೇಳುವುದಕ್ಕೆ ಹೆಸರೇ ಇರುವುದಿಲ್ಲ. ಅಂಥ ಹೂ ಬಿಡುವ ಗಿಡ ಅದೊಂದೇ. ನೀವೇ ಇಟ್ಟುಕೊಳ್ಳಿ. ನಮ್ಮ ಸೇಬಿನ ಮರದ ಬುಡದಲ್ಲಿ ನಾನೇ ಬೀಜ ಹಾಕಿ ಬೆಳೆಸಿದ ಒಂದು ಕಡುಗಪ್ಪು ಇದೆ. ಮೇಲೆ ನೇರಳೆ ಹಣ್ಣಿನ ಹಾಗೆ ಬೂದಿ ಮುಸುಕು, ಒಳಗೆ ನೇರಳೆ ತಿಂದ ನಾಲಗೆಯ ಬಣ್ಣ. ಅದಕ್ಕೆ ಜಂಬುನೇರಳೆ ಅಂತ ಹೆಸರಿಟ್ಟು ಕನ್ನಡದಲ್ಲೇ ಚೀಟಿ ನೆಟ್ಟಿದ್ದೇನೆ. ಹೋದ ಸೆಪ್ಟೆಂಬರಿನಲ್ಲಿ ಬುಡ ಸೀಳಿ ಪಕ್ಕದ ಮನೆಯ ಅಜ್ಜಿಗೆ ಒಂದು ತುಂಡು ಕೊಟ್ಟೆ. ಈಗ ಅವರ ಹಿತ್ತಿಲಿನಲ್ಲೂ ಒಂದು ಚೀಟಿ ಇದೆ. ಇಂಗ್ಲಿಷಿನಲ್ಲಿ ಬರೆದಿದ್ದಾರೆ, ಜಂಬೊ ಅಂತ.